ಗೋಡೆಯ ಮೇಲೆ ನೀರಿನ ಅಕ್ಷರ

ಮೂವತ್ತನಾಲ್ಕು ವರ್ಷ ಆಕೆ ಬೋರ್ಡು ಬರೆದಿದ್ದಳು. ಔಷಧಿ ಅಂಗಡಿ, ಟೈಲರ್ ಅಂಗಡಿ, ಹಲ್ಲಿನ ಡಾಕ್ಟರು, ಡ್ರೈವಿಂಗ್ ಸ್ಕೂಲು, ‘ಇಲ್ಲಿ ವಾಹನ ನಿಲ್ಲಿಸಬಾರದು’. ಆ ಪೇಟೆಯಲ್ಲಿ ಕಣ್ಣೆತ್ತಿ ನೋಡಿದರೆ ಸಿಗುತ್ತಿದ್ದ ಅಕ್ಷರಗಳಲ್ಲಿ ಅರ್ಧಕ್ಕರ್ಧ ಅವಳ ಕೈಯಿಂದ ಬಂದವು. ಆದರೆ ಅದು ಪೇಟೆಗೆ ಗೊತ್ತಿರಲಿಲ್ಲ. ಗಿರಾಕಿಗಳ ಜೊತೆ ಮಾತು, ತಗಡಿಗೆ ಹಿನ್ನೆಲೆ ಬಣ್ಣ, ಏಣಿ, ಮೊಳೆ, ಸುತ್ತಿಗೆ ಇವೆಲ್ಲ ಗಂಡನ ಪಾಲು. ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ತಗಡು ಆನಿಸಿಕೊಂಡು ಬರೆಯುವುದು ಅವಳ ಪಾಲು. ಬೋರ್ಡು ಹೊರಗೆ ಬರುವಾಗ ಗಂಡನ ಹೆಗಲೇರಿ ಬರುತ್ತಿತ್ತು, ಹಾಗಾಗಿ ಬರೆದವನೂ ಅವನೇ ಎಂದು ಜನ ತಿಳಿದರು. ಮೊದಮೊದಲು ಅವನು, “ನಮ್ಮಾಕೆ ಬರೆದದ್ದು” ಅನ್ನುತ್ತಿದ್ದ. ಜನ ತಮಾಷೆ ಅಂದುಕೊಂಡು ನಗುತ್ತಿದ್ದರು. ಕಂಡಕಂಡವರಿಗೆಲ್ಲ ಹೇಳಿ ಹೇಳಿ ಅವನಿಗೂ ಸಾಕಾಯಿತು. “ಬಿಡಿ, ಯಾರು ಬರೆದರು ಅಂತ ಬೋರ್ಡಿಗೇನು ಗೊತ್ತು” ಎಂದು ಅವಳೂ ಸುಮ್ಮನಾದಳು.

ಆಮೇಲೆ ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸ್ ಬೋರ್ಡು ಬಂತು. ಇವಳು ಮೂರು ದಿನ ಕೂತು ಬರೆಯುತ್ತಿದ್ದದ್ದನ್ನು ಯಂತ್ರ ಒಂದು ಗಂಟೆಯಲ್ಲಿ ಉಗುಳುತ್ತಿತ್ತು. ಗಂಡ ತೀರಿಕೊಂಡ. ಅವನು ಹೋದ ವರ್ಷವೇ ಅವಳ ಬಲಗೈ ನಡುಗಲು ಶುರುವಾಯಿತು. ಡಾಕ್ಟರು, “ಹೆದರುವ ಕಾಯಿಲೆ ಏನಲ್ಲ. ಕೆಲವರಿಗೆ ಹೀಗೆ, ಸಣ್ಣ ಕೆಲಸಕ್ಕೆ ಕೈ ಹಾಕಿದಾಗ ನಡುಗುತ್ತೆ” ಎಂದರು. ಸೂಜಿಗೆ ದಾರ ಪೋಣಿಸುವುದು, ಪೆನ್ನು ಹಿಡಿಯುವುದು ಎರಡೂ ನಿಂತವು. ಅವಳು ಬ್ರಷ್ಷುಗಳನ್ನು ತೊಳೆದು ನೆರೆಯ ಪೇಂಟರಿಗೆ ಕೊಟ್ಟುಬಿಟ್ಟು ಅದೇ ಪೇಟೆಯಲ್ಲಿದ್ದ ಮಗಳ ಮನೆಗೆ ಬಂದಳು.

ಮಗಳು ಬಸ್ ಕಂಡಕ್ಟರು. ಅಳಿಯ ಲಾರಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬಂದರೆ ಪುಣ್ಯ. ನಾಲ್ಕು ವರ್ಷದ ಮೊಮ್ಮಗಳು ಯಾವಾಗಲೂ ಅಜ್ಜಿಗೇ ಅಂಟಿಕೊಂಡಿರುತ್ತಿದ್ದಳು. ಅದಕ್ಕೇ ಮನೆಯಲ್ಲಿ ಅವಳಿಗೆ ಜಿಗಣೆ ಎಂದೇ ಹೆಸರು.

ಜಿಗಣೆಯನ್ನು ಶಿಶುವಿಹಾರಕ್ಕೆ ಸೇರಿಸಿದ ದಿನ ಅಜ್ಜಿಯ ಸೆರಗು ಹರಿಯಿತು. ಬಿಡಿಸಿಕೊಂಡು ಹೊರಟರೆ ಇಡೀ ಬೀದಿಗೆ ಕೇಳುವ ಹಾಗೆ ಕಿರುಚಾಟ. ಮೂರು ದಿನ ನೋಡಿ ತರಗತಿಯ ಟೀಚರು, ಇನ್ನೂ ಮೂವತ್ತು ದಾಟದ ಹುಡುಗಿ, ಹೇಳಿದಳು: “ಅಜ್ಜಿ, ನೀವೂ ಒಳಗೆ ಬಂದ್ಬಿಡಿ. ಹಿಂದೆ ಕೂತ್ಕೊಳ್ಳಿ. ಅವಳಿಗೆ ರೂಢಿ ಆಗೋವರೆಗೆ.”

ಹೀಗೆ ಅರವತ್ತೆರಡನೇ ವಯಸ್ಸಿನಲ್ಲಿ ಅಜ್ಜಿ ಒಂದು ಗೇಣು ಎತ್ತರದ ಕುರ್ಚಿಯ ಮೇಲೆ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಶಿಶುವಿಹಾರಕ್ಕೆ ಸೇರಿದಳು.

ಹಳೆಯ ಮನೆಯೊಂದರ ಕೆಳಮಹಡಿಯೇ ಆ ಶಾಲೆ. ಎರಡು ಕೋಣೆ, ಹಿಂದೆ ಸಿಮೆಂಟಿನ ಅಂಗಳ, ಅಂಗಳದ ಕೊನೆಗೆ ಬಣ್ಣ ಕಾಣದ ಉದ್ದನೆಯ ಬೂದು ಗೋಡೆ. ಇಪ್ಪತ್ತೆರಡು ಮಕ್ಕಳು. ಟೀಚರು ವಾರಕ್ಕೊಂದು ಅಕ್ಷರ ಹಿಡಿದು ಅದರ ಸುತ್ತಲೇ ಆಟ ಕಟ್ಟುತ್ತಿದ್ದಳು. ತಟ್ಟೆಯಲ್ಲಿ ಮರಳು ಹರಡಿ ಬೆರಳಲ್ಲಿ ಬರೆಸುವಳು. ಬಣ್ಣದ ಜೇಡಿಮಣ್ಣನ್ನು ಹಾವಿನ ಹಾಗೆ ಹೊಸೆದು ಅಕ್ಷರದ ಮೇಲೆ ಮಲಗಿಸುವಳು. ಟಬ್ಬಿನ ತುಂಬ ಕಾಗದದ ಮೀನು. ಪ್ರತಿ ಮೀನಿನ ಬೆನ್ನಿಗೆ ಒಂದು ಅಕ್ಷರ, ಬಾಯಿಗೆ ಒಂದು ಪಿನ್ನು. ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿ ಹಿಡಿಯಬೇಕು. ಹಿಡಿದ ಮೀನಿನ ಹೆಸರು ಹೇಳಿದರೆ ಮೀನು ಮನೆಗೆ, ಇಲ್ಲವಾದರೆ ಮತ್ತೆ ನೀರಿಗೆ.

ಆ ವಾರ ‘ಗ’ ವಾರ. ‘ಗ’ದಿಂದ ಶುರುವಾಗುವ ಏನಾದರೂ ತಂದು ಟೀಚರ ಬಟ್ಟೆಚೀಲಕ್ಕೆ ಹಾಕಬೇಕು. ಒಬ್ಬ ಗರಿ ಹಾಕಿದ, ಒಬ್ಬಳು ಗಂಟೆ ಹಾಕಿದಳು, ಇನ್ನೊಬ್ಬ ತನ್ನ ಅಂಗಿಯದೇ ಗುಂಡಿ ಕಿತ್ತು ಹಾಕಿದ. ಎರಡು ಜಡೆಯ ಒಂದು ಹುಡುಗಿ ಮುಷ್ಟಿ ಬಿಗಿಹಿಡಿದು ಬಂದು, ಚೀಲದೊಳಗೆ ಕೈ ಇಳಿಸಿ ಮುಷ್ಟಿ ಬಿಚ್ಚಿದಳು. ಏನೂ ಬೀಳಲಿಲ್ಲ.

“ಏನಮ್ಮ ತಂದಿದ್ದು?”

“ಗಾಳಿ” ಎಂದಳು.

ಅಜ್ಜಿ ಹಿಂದಿನಿಂದ ಪಕ್ಕೆಂದು ನಕ್ಕಳು. ಈ ಹುಡುಗಿಯ ತಲೆಯಲ್ಲಿ ಏನೋ ಇದೆ ಎಂದು ಅವಳಿಗೆ ಆಗಲೇ ಅನ್ನಿಸಿತು. ಮನಸ್ಸಿನಲ್ಲೇ ಅವಳಿಗೆ ಮುಷ್ಟಿ ಎಂದು ಹೆಸರಿಟ್ಟಳು.

ಆದರೆ ಆಟ ಮುಗಿದು ಕಾಪಿಪುಸ್ತಕ ಹೊರಗೆ ಬಂತೆಂದರೆ ತರಗತಿಯ ಮುಖವೇ ಬಾಡುತ್ತಿತ್ತು. ಚುಕ್ಕಿಯ ಮೇಲೆ ಚುಕ್ಕಿ ಸೇರಿಸಿ ಒಂದು ಪುಟ ತುಂಬಿಸಬೇಕು. ಮುಷ್ಟಿ ಪೆನ್ಸಿಲನ್ನು ಗುದ್ದಲಿಯ ಹಾಗೆ ಹಿಡಿಯುತ್ತಿದ್ದಳು. ಮೊದಲ ಸಾಲಿಗೇ ಕಾಗದ ಹರಿಯುತ್ತಿತ್ತು, ಎರಡನೆಯ ಸಾಲಿಗೆ ಪೆನ್ಸಿಲ್ ಮುರಿಯುತ್ತಿತ್ತು, ಮೂರನೆಯದು ಬರುವಷ್ಟರಲ್ಲಿ ಅವಳು ಮೇಜಿನ ಕೆಳಗೆ ಇರುತ್ತಿದ್ದಳು.

ಒಂದು ಬೆಳಿಗ್ಗೆ ಅಜ್ಜಿ ತಡೆಯಲಾರದೆ ಟೀಚರ ಹತ್ತಿರ ಹೋದಳು. “ಟೀಚರಮ್ಮ, ತಪ್ಪು ತಿಳೀಬೇಡಿ. ಈ ಮಕ್ಕಳು ಅಕ್ಷರ ಬರೀತಿಲ್ಲ, ನೋಡ್ಕೊಂಡು ಚಿತ್ರ ತೆಗೀತಿದ್ದಾರೆ. ಒಬ್ಬ ಕೆಳಗಿಂದ ಶುರು ಮಾಡ್ತಾನೆ, ಒಬ್ಬಳು ನಡುವಿನಿಂದ. ಅಕ್ಷರ ಅಂದ್ರೆ ದಾರಿ ಇದ್ದ ಹಾಗೆ. ಎಲ್ಲಿ ಹೊರಡಬೇಕು, ಎಲ್ಲಿ ತಿರುಗಬೇಕು ಅಂತ ಕೈಗೆ ಗೊತ್ತಾಗ್ಬೇಕು.”

“ಗೊತ್ತು ಅಜ್ಜಿ” ಎಂದಳು ಟೀಚರು ಸಂಕಟದಿಂದ. “ಏನ್ ಮಾಡ್ಲಿ? ಪುಸ್ತಕ ತುಂಬಿಲ್ಲ ಅಂದ್ರೆ ಅಪ್ಪ ಅಮ್ಮಂದಿರು ನನ್ನ ಪ್ರಾಣ ತಿಂತಾರೆ. ಮೇಡಮ್ಮೂ ಕೇಳ್ತಾರೆ.” ಮೇಡಂ ಎಂದರೆ ಶಾಲೆ ನಡೆಸುವಾಕೆ.

ಅಜ್ಜಿ ಬಂದು ಮತ್ತೆ ತನ್ನ ಚಿಕ್ಕ ಕುರ್ಚಿಯಲ್ಲಿ ಕೂತಳು.

ಎರಡು ದಿನ ಕಳೆದು, ಅಂಗಳದ ಆಟದ ಹೊತ್ತಿನಲ್ಲಿ ಜಿಗಣೆ ಯಾವುದೋ ಕಾರಣಕ್ಕೆ ಅಳಲು ಶುರುಮಾಡಿದಳು. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ನಲ್ಲಿಯ ಹತ್ತಿರ ಬಕೆಟ್ಟು, ಬಕೆಟ್ಟಿನ ಪಕ್ಕ ಸುಣ್ಣ ಬಳಿಯುವ ನಾಲ್ಕಿಂಚಿನ ಹಳೆಯ ಬ್ರಷ್ಷು ಬಿದ್ದಿತ್ತು. ಬೇರೇನೂ ತೋಚದೆ ಅಜ್ಜಿ ಬ್ರಷ್ಷನ್ನು ನೀರಿಗದ್ದಿ, “ಇಲ್ನೋಡು, ಇಲ್ನೋಡು” ಎನ್ನುತ್ತ ಬೂದು ಗೋಡೆಯ ಮೇಲೆ ಒಂದು ‘ರ’ ಬರೆದಳು. ದುಂಡಗೆ ಕೆಳಗಿಳಿದು, ಬಳಸಿಕೊಂಡು ಮೇಲೇರಿ, ಕೊನೆಗೆ ತಲೆಕಟ್ಟು ಎಳೆದಳು. ಆಳೆತ್ತರದ ಅಕ್ಷರ ಒದ್ದೆಯಾಗಿ, ಕಪ್ಪಗೆ ಎದ್ದು ನಿಂತಿತು.

ಜಿಗಣೆಯ ಅಳು ನಿಂತಿತು. ಅಜ್ಜಿಯೂ ಹಾಗೇ ನಿಂತುಬಿಟ್ಟಳು.

ಕೈ ನಡುಗಿರಲಿಲ್ಲ.

ಅವಳು ಇನ್ನೊಂದು ಬರೆದಳು, ‘ಬ’. ಮತ್ತೊಂದು, ‘ಅ’. ಬೆರಳಿಂದ ಬರೆಯುವಾಗ ನಡುಗುತ್ತಿದ್ದ ಕೈ ಭುಜದಿಂದ ಬರೆಯುವಾಗ ಹೇಳಿದ ಮಾತು ಕೇಳುತ್ತಿತ್ತು. ಎಂಟು ವರ್ಷದಿಂದ ಕೆಟ್ಟುಹೋಯಿತು ಎಂದುಕೊಂಡಿದ್ದ ಕೈ ಇನ್ನೂ ಅಲ್ಲೇ ಇತ್ತು. ಆದರೆ ಅತ್ತುಕೊಂಡು ಕೂರಲು ಪುರುಸೊತ್ತು ಸಿಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಇಪ್ಪತ್ತೊಂದು ಮಕ್ಕಳು ಸುತ್ತ ಮುತ್ತಿಕೊಂಡಿದ್ದರು.

“ನಂಗೂ! ನಂಗೂ!”

“ಅಜ್ಜಿ, ‘ರ’ ಎಲ್ಲಿ ಹೋಯ್ತು?” ಒಬ್ಬ ಗಾಬರಿಯಾಗಿ ಕೇಳಿದ. ಬಿಸಿಲಿಗೆ ಮೊದಲ ಅಕ್ಷರ ಆರಿ ಮಾಯವಾಗುತ್ತಿತ್ತು.

“ಬಿಸಿಲು ಓದ್ಕೊಂಡು ಹೋಯ್ತು ಕಣೋ” ಎಂದಳು ಅಜ್ಜಿ. “ಅದಕ್ಕೆ ಓದೋ ಹುಚ್ಚು. ಎಷ್ಟು ಬರೆದ್ರೂ ಸಾಲದು.”

ಮಕ್ಕಳಿಗೆ ಅಷ್ಟೇ ಸಾಕಾಯಿತು. ಬಿಸಿಲಿಗೆ ಓದಲು ಬರೆದುಕೊಡುವುದೇ ಅವರ ಕೆಲಸವಾಯಿತು.

ಟೀಚರು ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಮಾರನೆಯ ದಿನ ಸ್ವಂತ ಖರ್ಚಿನಲ್ಲಿ ಹನ್ನೆರಡು ಬ್ರಷ್ಷು, ಆರು ಡಬ್ಬಿ ತಂದಳು. ದಿನಾ ಹತ್ತೂವರೆಯಿಂದ ಹನ್ನೊಂದೂವರೆ ಗೋಡೆಯ ಹೊತ್ತು ಎಂದಾಯಿತು. ಜಿಗಣೆಗೆ ಡಬ್ಬಿಗೆ ನೀರು ತುಂಬುವ ಅಧಿಕಾರ ಸಿಕ್ಕಿತು. ಅಧಿಕಾರ ಸಿಕ್ಕ ಮೇಲೆ ಅವಳು ಅಜ್ಜಿಯ ಸೆರಗನ್ನು ತಿರುಗಿಯೂ ನೋಡಲಿಲ್ಲ.

ಅಜ್ಜಿ ಕಲಿಸಿದ ಬಗೆ ಕಾಪಿಪುಸ್ತಕದಲ್ಲಿ ಇದ್ದದ್ದಲ್ಲ. ಅಕ್ಷರಗಳನ್ನು ಅವಳು ಮನೆಮನೆಯಾಗಿ ಪರಿಚಯ ಮಾಡಿಸಿದಳು. “ಇವನು ‘ರ’. ಇವನ ಹೊಟ್ಟೆಗೆ ಒಂದು ಚುಕ್ಕಿ ಇಟ್ರೆ ತಮ್ಮ ಬಂದ, ‘ಠ’. ಇದು ‘ಪ’. ಹೊಟ್ಟೆಯಲ್ಲಿ ಒಂದು ಗೀಟು ಎಳೆದ್ರೆ ಅದೇ ‘ಷ’. ‘ಬ’ದ ಕಾಲ ಹತ್ರ ಒಂದು ಸೀಳು ಕೊಟ್ರೆ ‘ಭ’, ಭಾರ ಹೊತ್ತವನು. ಅದಕ್ಕೇ ಅವನ ಹೆಸರು ಹೇಳೋವಾಗ ಉಸಿರು ಜಾಸ್ತಿ ಬೇಕು. ಹೇಳಿ ನೋಡೋಣ.” ಮಕ್ಕಳು ಬಾಯ ಮುಂದೆ ಅಂಗೈ ಹಿಡಿದು “ಬ, ಭ” ಎಂದು ಊದಿ ನೋಡುತ್ತಿದ್ದರು. ತಲೆಕಟ್ಟು ಮರೆತರೆ, “ಅಯ್ಯೋ, ಟೋಪಿ ಹಾಕದೆ ಬಿಸಿಲಿಗೆ ಕಳಿಸಿದ್ರಲ್ಲೋ!” ಎನ್ನುವಳು. ಆ ಮೇಲೆ ತಲೆಕಟ್ಟನ್ನು ಯಾರೂ ಮರೆಯಲಿಲ್ಲ.

ಮುಷ್ಟಿಯ ಮುಷ್ಟಿಗೆ ನಾಲ್ಕಿಂಚಿನ ಬ್ರಷ್ಷು ಹೇಳಿ ಮಾಡಿಸಿದ ಹಾಗಿತ್ತು. ಅವಳು ಎರಡೂ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ನಿಂತು, ನಾಲಿಗೆ ಹೊರಚಾಚಿ ಬರೆಯುತ್ತಿದ್ದಳು. ಮೂರನೆಯ ವಾರ ಅಜ್ಜಿ ಅವಳಿಗೆ ಎರಡಿಂಚಿನದನ್ನು ಕೊಟ್ಟಳು, ಐದನೆಯ ವಾರ ಒಂದಿಂಚಿನದು. ಸಣ್ಣ ಬ್ರಷ್ಷು ಮುಷ್ಟಿಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಯಾರೂ ಹೇಳದೆ ಅವಳ ಬೆರಳುಗಳು ತಾವಾಗಿ ಬಿಚ್ಚಿಕೊಂಡು ಮೂರು ಮುಂದೆ ಬಂದವು. ಅಜ್ಜಿ ನೋಡಿದಳು. ಟೀಚರ ಕಡೆ ಹುಬ್ಬು ಹಾರಿಸಿದಳು ಅಷ್ಟೇ.

ಅಜ್ಜಿಗೆ ಮಕ್ಕಳು ಬೋರ್ಡಜ್ಜಿ ಎಂದು ಹೆಸರಿಟ್ಟರು. ಒಂದು ಮಧ್ಯಾಹ್ನ ಟೀಚರು ಕೇಳಿದಾಗ ಅವಳು ತನ್ನ ಹಳೆಯ ಕಸುಬಿನ ಬಗ್ಗೆ ಎರಡು ಮಾತು ಹೇಳಿದ್ದಳು. ಅದು ಮಕ್ಕಳ ಕಿವಿಗೂ ಬಿದ್ದಿತ್ತು.

ಆದರೆ ಕಾಪಿಪುಸ್ತಕ ಖಾಲಿ ಉಳಿದಿತ್ತಲ್ಲ. ಒಂದು ದಿನ ಮುಷ್ಟಿಯ ಅಪ್ಪ, ಮೂಲೆಯ ದಿನಸಿ ಅಂಗಡಿಯವರು, ಆ ಪುಸ್ತಕವನ್ನು ಹಿಡಿದುಕೊಂಡೇ ಬಂದರು. ಜೊತೆಗೆ ಮೇಡಮ್ಮನ್ನೂ ಕರೆತಂದಿದ್ದರು.

“ಎರಡು ತಿಂಗಳಿಗೆ ನಾಲ್ಕು ಪುಟ! ಮನೆಗೆ ಬಂದ್ರೆ ಫ್ರಾಕೆಲ್ಲ ಒದ್ದೆ. ಏನು ಕಲಿತೆ ಅಂದ್ರೆ ‘ಬಿಸಿಲಿಗೆ ಬರೆದುಕೊಟ್ಟೆ’ ಅಂತಾಳೆ. ಏನ್ ಮೇಡಂ ಇದು, ಶಾಲೆಯೋ, ಬಟ್ಟೆ ಒಗೆಯೋ ಕಲ್ಲೋ?”

ಅಂಗಡಿಯವರು ಅಜ್ಜಿಯನ್ನು ಗುರುತು ಹಿಡಿದು ಸ್ವಲ್ಪ ಮೆತ್ತಗಾದರು. “ಅಮ್ಮಾ, ನೀವು ಬೋರ್ಡಿನವರ ಮನೆಯವರಲ್ವಾ? ನಿಮ್ಮ ಯಜಮಾನರ ಅಕ್ಷರ ಅಂದ್ರೆ ಮುತ್ತು ಪೋಣಿಸಿದ ಹಾಗೆ. ನಮ್ಮಂಗಡಿ ಬೋರ್ಡು ಅವರದೇ, ಇವತ್ತಿಗೂ ತೆಗೆದಿಲ್ಲ. ಅಂಥವರ ಮನೆಯವರಾಗಿ ನೀವು ಮಕ್ಕಳ ಕೈಲಿ ನೀರು ಬಳಿಸ್ತಾ ಕೂತಿದ್ದೀರಲ್ಲ!”

ಅಜ್ಜಿಯ ತುದಿನಾಲಿಗೆಗೆ ಮಾತು ಬಂತು. ಮೂವತ್ತನಾಲ್ಕು ವರ್ಷದ ಅಭ್ಯಾಸ ಅದನ್ನು ಒಳಗೇ ನುಂಗಿಸಿತು.

ಮೇಡಂ ಕೆಟ್ಟವರಲ್ಲ, ಆದರೆ ತಾಯಿತಂದೆಯರ ಮಾತಿಗೆ ಹೆದರುವವರು. “ಹೊರಗಿನವರು ತರಗತಿಯಲ್ಲಿ ಇರೋ ಹಾಗಿಲ್ಲ ಅಜ್ಜಿ, ಬೇಜಾರು ಮಾಡ್ಕೋಬೇಡಿ. ಮಗುವನ್ನ ಗೇಟಿನ ತನಕ ಬಿಟ್ಟು ಹೋಗಿ” ಎಂದರು. ಟೀಚರ ಕಡೆ ತಿರುಗಿ, “ಈ ನೀರಾಟ ಇನ್ನು ಸಾಕು” ಎಂದರು.

ಟೀಚರ ಮುಖ ಕೆಂಪಾಯಿತು. ಆದರೆ ದನಿ ಏರಲಿಲ್ಲ. “ಮೇಡಂ, ಇನ್ನು ಹತ್ತು ದಿನಕ್ಕೆ ಪಾಲಕರ ದಿನ ಇದೆ. ಅಲ್ಲಿವರೆಗೆ ಬಿಡಿ. ಮಕ್ಕಳಿಗೆ ಏನು ಬರುತ್ತೆ ಅಂತ ಎಲ್ಲರ ಮುಂದೆ ನೋಡಿ. ಆಮೇಲೂ ಬೇಡ ಅನ್ನಿಸಿದ್ರೆ, ಪುಸ್ತಕ ನಾನೇ ಕೂತು ತುಂಬಿಸ್ತೀನಿ.”

ಮೇಡಂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ “ನೋಡೋಣ” ಎಂದು ಹೋದರು. ಬೇಡ ಅನ್ನಲಿಲ್ಲವಲ್ಲ, ಟೀಚರಿಗೆ ಅಷ್ಟೇ ಸಾಕಿತ್ತು.

ಆ ಸಂಜೆ ಮಗಳು ಡ್ಯೂಟಿ ಮುಗಿಸಿ ಬಂದವಳು ಎಲ್ಲ ಕೇಳಿ ಕೆರಳಿದಳು. “ನಿಮ್ಮ ಯಜಮಾನರು ಅಂದಾಗ ನೀನು ಯಾಕಮ್ಮ ಸುಮ್ನೆ ನಿಂತೆ? ನಾನು ಬರೆದದ್ದು ಅಂತ ಹೇಳೋಕೆ ಏನಾಗಿತ್ತು?”

“ಹೋದವರ ಹೆಸರಿಂದ ಕಿತ್ಕೊಂಡು ನನ್ನ ಹೆಸರಿಗೆ ಹಚ್ಕೊಳ್ಳಲಾ?”

“ಕಿತ್ಕೊಳ್ಳೋದು ಅಲ್ಲ ಕಣಮ್ಮ. ನಿಂದು ನಿಂದೇ. ಅಪ್ಪ ಇದ್ದಿದ್ರೆ ಅವರೇ ಹೇಳ್ತಿದ್ರು.”

ಅಜ್ಜಿ ಮೊಮ್ಮಗಳ ತಲೆ ಬಾಚತೊಡಗಿದಳು. ಅಂದಿನಿಂದ ಅವಳು ಗೇಟಿನ ತನಕ ಮಾತ್ರ ಹೋದಳು. ಆದರೂ ಅಲ್ಲಿಂದ ನೇರ ಮನೆಗೆ ಹೋಗುತ್ತಿರಲಿಲ್ಲ. ಎದುರಿನ ಕಟ್ಟೆಯ ಮೇಲೆ ಹನ್ನೊಂದೂವರೆ ತನಕ ಕೂರುತ್ತಿದ್ದಳು. ಗೋಡೆ ಕಾಣುತ್ತಿರಲಿಲ್ಲ, ಮಾತು ಕೇಳುತ್ತಿತ್ತು. “ಟೋಪಿ ಮರೆತೆ, ಟೋಪಿ!” ಎಂದು ಮುಷ್ಟಿ ಯಾರನ್ನೋ ಗದರುವುದು ಕೇಳಿದ ದಿನ ಅವಳು ಒಬ್ಬಳೇ ನಕ್ಕಳು.

ಪಾಲಕರ ದಿನ ಬಂತು. ಮೇಡಂ ಹೊಸದೊಂದು ವರ್ಣಮಾಲೆಯ ಪಟ ಮಾಡಿಸಿ ತಂದಿದ್ದರು. ಗೋಡೆಯ ಅರ್ಧದಷ್ಟು ಅಗಲ, ಮಿರಮಿರ ಮಿಂಚುವ ಹೊದಿಕೆ, ಪ್ರತಿ ಅಕ್ಷರಕ್ಕೂ ಒಂದು ಚಿತ್ರ, ಕೆಳಗೆ ಒಂದು ಪದ. ಅಪ್ಪ ಅಮ್ಮಂದಿರು ಚಿಕ್ಕ ಕುರ್ಚಿಗಳಲ್ಲಿ ಮುದುರಿ ಕೂತಿದ್ದರು. ಪಟದ ಸುರುಳಿ ಬಿಚ್ಚಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಜಿಗಣೆಯ ಅಮ್ಮ ಎರಡು ಟ್ರಿಪ್ಪಿನ ನಡುವೆ ಯೂನಿಫಾರಮ್ಮಿನಲ್ಲೇ ಓಡಿ ಬಂದು ಹಿಂದೆ ನಿಂತಿದ್ದಳು. ಅಜ್ಜಿ ಒಳಗೆ ಬರಲೊಪ್ಪದೆ ಗೇಟಿನ ಹತ್ತಿರವೇ ಇದ್ದಳು.

ಚಪ್ಪಾಳೆ ನಿಂತ ಮೇಲೂ ಮುಷ್ಟಿ ಪಟದ ಮುಂದೆಯೇ ನಿಂತಿದ್ದಳು. ಕತ್ತು ಆಚೆ ವಾಲಿಸಿ ನೋಡಿದಳು, ಈಚೆ ವಾಲಿಸಿ ನೋಡಿದಳು.

“ಇದು ತಪ್ಪಾಗಿದೆ” ಎಂದಳು.

“ಸುಮ್ನೆ ಬಾ ಇಲ್ಲಿ” ಎಂದರು ಅವಳಪ್ಪ ನಾಚಿಕೊಂಡು. “ಪ್ರಿಂಟ್ ಆಗಿ ಬಂದಿರೋದು ಕಣೇ. ಪ್ರಿಂಟ್ ಆಗಿದ್ದು ತಪ್ಪಿರುತ್ತಾ?”

“‘ರ’ ಎರಡು ಸಲ ಬಂದಿದೆ. ಇಲ್ಲೊಂದು ‘ರ’, ಅಲ್ಲೊಂದು ‘ರ’. ಇಲ್ಲಿ ತಮ್ಮ ಇರಬೇಕಿತ್ತು. ಅವನ ಹೊಟ್ಟೆಗೆ ಚುಕ್ಕಿ ಇಟ್ಟಿಲ್ಲ.”

ಯಾರೋ ನಕ್ಕರು. ಮೇಡಂ ಮಾತ್ರ ನಗಲಿಲ್ಲ. ಕನ್ನಡಕ ಹಾಕಿಕೊಂಡು ಪಟದ ಹತ್ತಿರ ಹೋದರು. ಮೇಜಿನ ಮೇಲೆ ಕುಳಿತ, ಮುದ್ರೆ ಒತ್ತುವ ಮರದ ಹಿಡಿಯ ಠಸ್ಸೆಯ ಚಿತ್ರ. ಅದರ ಮೇಲೆ ‘ಠ’ ಇರಬೇಕಾದ ಕಡೆ ‘ರ’, ಕೆಳಗೆ ‘ರಸ್ಸೆ’. ಪಟ ತಯಾರಿಸಿದವರು, ಅಚ್ಚು ಹಾಕಿದವರು, ತರಿಸಿದವರು, ಚಪ್ಪಾಳೆ ತಟ್ಟಿದವರು, ಇಷ್ಟು ಜನ ದೊಡ್ಡವರ ಕಣ್ಣು ತಪ್ಪಿಸಿಕೊಂಡು ಬಂದ ತಪ್ಪು ನಾಲ್ಕೂವರೆ ವರ್ಷದವಳ ಕೈಗೆ ಸಿಕ್ಕಿಬಿದ್ದಿತ್ತು.

ಟೀಚರು ಒಂದು ಹೆಜ್ಜೆ ಮುಂದೆ ಬಂದಳು.

“ಮತ್ತೆ ಹೇಗಿರಬೇಕು ಅದು?” ಮೇಡಂ ಬಗ್ಗಿ ಕೇಳಿದರು. “ನಂಗೆ ತೋರಿಸ್ತೀಯಾ?”

“ಬನ್ನಿ” ಎಂದು ಮುಷ್ಟಿ ಅವರ ಕೈ ಹಿಡಿದು ಅಂಗಳಕ್ಕೆ ನಡೆದಳು. ಹಿಂದೆಯೇ ಎಲ್ಲರೂ ಎದ್ದರು. ಜಿಗಣೆ ಯಾರು ಹೇಳುವುದಕ್ಕೂ ಕಾಯದೆ ಡಬ್ಬಿಗಳಿಗೆ ನೀರು ತುಂಬಿಸಿ ಸಾಲಾಗಿ ಇಟ್ಟಳು.

ಮುಷ್ಟಿ ಬ್ರಷ್ಷು ಅದ್ದಿ, ಡಬ್ಬಿಯ ಅಂಚಿಗೆ ಎರಡು ಸಲ ಒರೆಸಿ ಹೆಚ್ಚಿನ ನೀರು ಇಳಿಸಿದಳು. ಕಾಲು ಅಗಲಿಸಿ ನಿಂತಳು. ಕೈ ಭುಜದಿಂದ ಹೊರಟಿತು: ದುಂಡಗೆ ಇಳಿಯಿತು, ಬಳಸಿ ಏರಿತು, ಎಲ್ಲೂ ತಡವರಿಸಲಿಲ್ಲ, ತಲೆಕಟ್ಟು ಸರ್ರನೆ ಬಂತು. ಕೊನೆಗೆ ಬ್ರಷ್ಷಿನ ತುದಿಯನ್ನು ಹೊಟ್ಟೆಯ ನಡುವೆ ಒಂದು ಸಲ ಒತ್ತಿ ತೆಗೆದಳು. “‘ಠ’” ಎಂದಳು.

ಇನ್ನು ಉಳಿದವರನ್ನು ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗುವ ಮಾತಾಗಿರಲಿಲ್ಲ. ಬ್ರಷ್ಷಿಗೆ ಕಿತ್ತಾಟವಾಗಿ, ಪಾಳಿ ಗೊತ್ತಾಗಿ, ಐದು ನಿಮಿಷದಲ್ಲಿ ಗೋಡೆಯ ಈ ತುದಿಯಿಂದ ಆ ತುದಿಯ ತನಕ ಅಕ್ಷರಗಳು. ಒಬ್ಬೊಬ್ಬರೂ ತಮ್ಮ ಹೆಸರಿನ ಮೊದಲಕ್ಷರ ಬರೆದರು, ಮುಗಿದ ಮೇಲೆ ಅಮ್ಮನದು ಬರೆದರು, ಅಪ್ಪನದು ಬರೆದರು. ಸಾಲು ಮೇಲೆ ಕೆಳಗೆ ಆಗಿತ್ತು, ಒಂದು ಕುಬ್ಜ, ಒಂದು ದಡೂತಿ. ಆದರೆ ಒಂದಾದರೂ ತಲೆಕೆಳಗಾಗಿ ಹುಟ್ಟಿದ್ದಿರಲಿಲ್ಲ. ಪ್ರತಿ ಅಕ್ಷರವೂ ಹೊರಡಬೇಕಾದಲ್ಲಿ ಹೊರಟು ಸೇರಬೇಕಾದಲ್ಲಿ ಸೇರಿತ್ತು.

ಅಂಗಡಿಯವರು ಮಗಳ ‘ಠ’ದ ಮುಂದೆ ನಿಂತೇ ಇದ್ದರು. ಅದು ಅಂಚಿನಿಂದ ಆರುತ್ತ ಬಂದು, ಕೊನೆಗೆ ಚುಕ್ಕಿಯೂ ಮಾಯವಾಯಿತು.

“ಇನ್ನೊಂದ್ಸಲ ಬರೀ ಮಗಳೇ” ಎಂದರು.

ಅವಳು ಬರೆದಳು. ಅವರು ಟೀಚರ ಕಡೆ ತಿರುಗಿದರು. ದನಿಯಲ್ಲಿ ಹಿಂದಿನ ಬಿರುಸಿರಲಿಲ್ಲ. “ಪೆನ್ಸಿಲ್ ಕಂಡ್ರೆ ಓಡಿಹೋಗೋಳು ಇವಳು. ಏನ್ ಮಾಡಿದ್ರಿ ಟೀಚರ್?”

“ನಾನಲ್ಲ. ಕಲಿಸಿದೋರನ್ನ ನೀವೇ ಗೇಟಿನ ಆಚೆ ನಿಲ್ಲಿಸಿದ್ದೀರಿ” ಎಂದು ಟೀಚರು ಹೋಗಿ ಅಜ್ಜಿಯನ್ನು ಕೈಹಿಡಿದು ಕರೆತಂದಳು. ಬೋರ್ಡಜ್ಜಿ ಎಂದು ಮಕ್ಕಳು ಕೂಗಿ ಮುತ್ತಿದರು. ಒದ್ದೆ ಬ್ರಷ್ಷುಗಳೆಲ್ಲ ಅವಳ ಸೀರೆಗೆ.

“ಓ, ಬೋರ್ಡಿನವರ ಮನೆಯವರಾ!” ಅಂಗಡಿಯವರು ಪ್ರೀತಿಯಿಂದಲೇ ಹೇಳಿದರು. “ಯಜಮಾನರ ವಿದ್ಯೆ ಒಂದಿಷ್ಟು ಕೈಗೆ ಹತ್ತಿಸ್ಕೊಂಡಿದ್ದೀರಿ ಅನ್ನಿ.”

ಕಂಡಕ್ಟರ್ ಮಗಳಿಗೆ ಇನ್ನು ತಡೆಯಲಾಗಲಿಲ್ಲ. ತುಂಬಿದ ಬಸ್ಸಿನಲ್ಲಿ ಕೊನೆಯ ಸೀಟಿಗೆ ಕೇಳಿಸುವ ಗಂಟಲು ಅವಳದು. “ಯಜಮಾನರ ವಿದ್ಯೆ ಅಲ್ಲ ಸಾರ್! ನಮ್ಮಪ್ಪ ಏಣಿ ಹಿಡಿದೋರು. ಬರೆದಿದ್ದು ಅಷ್ಟೂ ನಮ್ಮಮ್ಮ. ನಿಮ್ಮಂಗಡಿ ಬೋರ್ಡೂ ಸೇರಿ!”

ಅಂಗಳ ತಿರುಗಿ ನೋಡಿತು. ಮೇಡಂ, “ಹೌದೇನಮ್ಮಾ?” ಎಂದರು.

ಅಜ್ಜಿ ಮಗಳನ್ನು ನೋಡಿದಳು. ತಲೆ ಬಗ್ಗಿಸಬೇಕು ಅನ್ನಿಸಲಿಲ್ಲ. “ಹೌದು. ನಾನೇ ಬರೆದದ್ದು” ಎಂದಳು. ಹತ್ತು ಜನರ ಮುಂದೆ ಹಾಗೆ ಬಾಯಿಬಿಟ್ಟು ಹೇಳಿದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಹೇಳಿದ ಮೇಲೆ ಮಾತು ಸಲೀಸಾಗಿ ಬಂತು. “ನಿಮ್ಮ ಬೋರ್ಡಿನಲ್ಲಿ ‘ದಿನಸಿ’ ಅನ್ನೋದ್ರಲ್ಲಿ ‘ಸಿ’ ಸ್ವಲ್ಪ ಚಿಕ್ಕದಾಗಿದೆ, ನೋಡಿದ್ದೀರಾ? ಎಲ್ಲ ಅಳತೆ ಹಾಕಿ ಆದ್ಮೇಲೆ ನಿಮ್ಮ ತಂದೆ ಬಂದು ನಮ್ಮ ಯಜಮಾನರ ಹತ್ರ ‘ಕಾಗದ, ಪೆನ್ನೂ ಸಿಗುತ್ತೆ ಅಂತ ಸೇರಿಸಿ’ ಅಂದ್ರು. ಜಾಗ ಎಲ್ಲಿಂದ ತರಲಿ? ‘ಸಿ’ಯನ್ನ ಒತ್ತಿ ಕೂರಿಸ್ದೆ.”

ಅಂಗಡಿಯವರು ಹೊಟ್ಟೆ ಹಿಡಿದು ನಕ್ಕರು. “ನಮ್ಮಪ್ಪ ಸಾಯೋವರೆಗೂ ಆ ‘ಸಿ’ ನೋಡಿ ಬೈತಿದ್ರು! ಅಂದ್ರೆ ತಪ್ಪು ನಮ್ಮಪ್ಪಂದೇ?”

“ಇನ್ಯಾರದು?” ಎಂದಳು ಅಜ್ಜಿ.

ನಗು ಇಳಿದ ಮೇಲೆ ಅವರು ಎರಡು ಕೈ ಜೋಡಿಸಿದರು. “ಅಮ್ಮಾ, ಇಷ್ಟು ವರ್ಷ ಇನ್ನೊಬ್ಬರ ಹೆಸರಲ್ಲಿ ಹೊಗಳ್ತಾ ಬಂದೆ. ಮೊನ್ನೆ ನಿಮ್ಮೆದುರೇ ಏನೇನೋ ಅಂದೆ. ಹೊಟ್ಟೆಗೆ ಹಾಕ್ಕೊಳ್ಳಿ.” ಆಮೇಲೆ ಒಳಗೆ ಪಟದ ಹತ್ತಿರ ಹೋಗಿ ಮಗಳನ್ನು ಹೆಗಲೆತ್ತರಕ್ಕೆ ಎತ್ತಿ ಹಿಡಿದರು. ಟೀಚರು ಕಪ್ಪು ಮಾರ್ಕರ್ ಕೊಟ್ಟಳು. ಮುಷ್ಟಿ ಅದನ್ನು ಮೂರು ಬೆರಳಲ್ಲಿ ಹಿಡಿದು ‘ರ’ದ ಹೊಟ್ಟೆಗೊಂದು, ಕೆಳಗಿನ ‘ರಸ್ಸೆ’ಗೊಂದು, ಎರಡು ಚುಕ್ಕಿ ಇಟ್ಟಳು. ಪಟವನ್ನು ವಾಪಸು ಕಳಿಸುವುದೇ ಬೇಡ, ಹೀಗೇ ಇರಲಿ ಎಂದು ಮೇಡಂ ಅಲ್ಲೇ ಹೇಳಿದರು.

ಅದಕ್ಕಿಂತ ಮುಖ್ಯವಾದದ್ದನ್ನು ಅವರು ಎಲ್ಲರೂ ಹೊರಡುವಾಗ ಹೇಳಿದರು. “ಸೋಮವಾರದಿಂದ ದಿನಾ ಬನ್ನಿ ಅಜ್ಜಿ. ಮೊಮ್ಮಗಳ ಜೊತೆಗೆ ಅಂತಲ್ಲ. ಕೆಲಸಕ್ಕೆ. ಪಕ್ಕದ ತರಗತಿಗೂ ನೀವೇ ಬೇಕು.”

“ಪುಸ್ತಕ?” ಅಜ್ಜಿ ಕೇಳಿದಳು.

“ಗೋಡೆ ಮುಗಿದ ಮೇಲೆ ಪುಸ್ತಕ. ಯಾವಾಗ ಅಂತ ನೀವೂ ಟೀಚರೂ ಹೇಳಿ.”

“ಕೆಲವರಿಗೆ ಈ ತಿಂಗಳೇ ಕೊಡಬಹುದು. ಕೆಲವರಿಗೆ ಇನ್ನೂ ಗೋಡೆ ಬೇಕು. ಅವಸರ ಮಾಡಿಸಬಾರದು” ಎಂದಳು ಅಜ್ಜಿ. ಅವಳ ದನಿಯಲ್ಲಿ ಆಗಲೇ ಒಬ್ಬಳು ಟೀಚರು ಕೂತಿದ್ದಳು.

ಮಗಳಿಗೆ ಅಷ್ಟೆಲ್ಲ ಕೇಳುತ್ತ ನಿಲ್ಲಲು ಹೊತ್ತಿರಲಿಲ್ಲ. ಎರಡೂವರೆಯ ಟ್ರಿಪ್ಪಿಗೆ ಓಡಿ ಬಸ್ಸು ಹತ್ತಿದಳು. ಎರಡನೆಯ ಸೀಟಿನಲ್ಲಿ ಕೂತಿದ್ದ ಗಡ್ಡದವರು ಆಸ್ಪತ್ರೆ ಸ್ಟಾಪಿಗೆ ಒಂದು ಟಿಕೆಟ್ ಕೇಳಿದರು. ಟಿಕೆಟ್ ಹರಿದು ಕೊಡುತ್ತ ಅವಳು, “ಆಸ್ಪತ್ರೆ ಪಕ್ಕದಲ್ಲಿ ಔಷಧಿ ಅಂಗಡಿ ಬೋರ್ಡಿದೆ, ಹಸಿರು ಬಣ್ಣದ್ದು, ನೋಡಿದ್ದೀರಾ?” ಎಂದಳು.

“ಇದೆ. ಯಾಕಮ್ಮ?”

“ನಮ್ಮಮ್ಮ ಬರೆದದ್ದು.”

ಅವರು ತಲೆ ಆಡಿಸಿದರು. ಅವಳು ಮುಂದಿನ ಸೀಟಿಗೆ ಹೋದಳು. ಅಲ್ಲಿ ಇಬ್ಬರು ಕಾಲೇಜು ಹುಡುಗಿಯರು, ಹಿಂದೆ ಚೀಲ ಹೊತ್ತ ಒಬ್ಬರು ದೊಡ್ಡಮ್ಮ. ಅವರಿಗೂ ಹೇಳಿದಳು. ಟೈಲರ್ ಅಂಗಡಿ ಬಂದಾಗ ಕಿಟಕಿಯಿಂದ ಕೈ ಚಾಚಿ ತೋರಿಸಿದಳು. ಡ್ರೈವರು ಕನ್ನಡಿಯಲ್ಲಿ ನೋಡಿ, “ಏನವ್ವ, ಇವತ್ತು ಸ್ಟಾಪಿನ ಹೆಸರು ಬಿಟ್ಟು ಬೋರ್ಡಿನ ಹೆಸರು ಕೂಗ್ತಿದ್ದೀಯಾ?” ಎಂದು ನಕ್ಕ. ಅವಳು ನಾಚಿಕೊಳ್ಳಲಿಲ್ಲ. ಹಲ್ಲಿನ ಡಾಕ್ಟರ ಬೋರ್ಡು ದೂರದಲ್ಲಿ ಕಾಣುತ್ತಿತ್ತು. ಬಸ್ಸಿನಲ್ಲಿದ್ದವರೆಲ್ಲ ಆ ಕಡೆಯ ಕಿಟಕಿಗೆ ಬಗ್ಗಿದ್ದರು.